ತೀರ್ಥ ಕುಡಿದ ಕಾರು

ಕಾದ ಕಬ್ಬಿಣಕ್ಕೆ ನೀರು ಬಿದ್ದಾಗ ಏಳುವ ವಾಸನೆ ನನಗೆ ಚಿಕ್ಕಂದಿನಿಂದ ಗೊತ್ತು. ಹರಿಹರದ ಸೇತುವೆ ಹತ್ತಿರ ಬಸ್ಸು ನಿಲ್ಲುತ್ತಿತ್ತು. ಕ್ಲೀನರ್ ಡಬ್ಬಿ ಹಿಡಿದು ಹೊಳೆಗಿಳಿದು ನೀರು ತರುತ್ತಿದ್ದ. ರೇಡಿಯೇಟರಿನ ಮುಚ್ಚಳ ತೆಗೆದರೆ ಬುಸ್ಸೆಂದು ಹಬೆ, ಜೊತೆಗೆ ತುಕ್ಕಿನ ವಾಸನೆ. "ಬಸ್ಸಿಗೆ ಬಾಯಾರಿಕೆ ಆಗೈತೆ, ಕುಡೀಲಿ ಬಿಡು" ಎನ್ನುತ್ತಿದ್ದಳು ಅಜ್ಜಿ. ಬಾಯಾರಿದ್ದಕ್ಕೆ ನೀರು ಕೊಟ್ಟರಾಯಿತು ಎಂದೇ ನಾನು ಇಷ್ಟು ಕಾಲ ತಿಳಿದಿದ್ದೆ.

ಪತ್ರಿಕೆಗೆ ಬರೆಯಲೆಂದು ನಾನು ಬಂದಿರುವ, ಬಾತಿ ಹತ್ತಿರ ರಸ್ತೆ ಬದಿಯ ತಗಡಿನ ಶೆಡ್ಡಿನಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಇಲ್ಲಿಯ ವಾಸನೆಯೇ ಬೇರೆ, ಬೆಲ್ಲದ ಪಾಕ ಸೀದಂತೆ. ಮೆಕ್ಯಾನಿಕ್ ತಿಪ್ಪೇರುದ್ರಪ್ಪ ಒಂದು ಬಿಳಿ ಕಾರಿನ ಬಾನೆಟ್ ಎತ್ತಿ, ರೇಡಿಯೇಟರ್ ಮೇಲೆ ಅಂಗೈ ಇಟ್ಟು, ಮಗುವಿನ ಜ್ವರ ನೋಡುವವರಂತೆ ನಿಂತಿದ್ದಾರೆ. ರಾತ್ರಿಯಿಡೀ ತಣ್ಣಗಾಗಿದೆ ಎಂದು ಖಾತ್ರಿಯಾದ ಮೇಲೆಯೇ ಬಟ್ಟೆ ಹಾಕಿ ಮುಚ್ಚಳ ತಿರುಗಿಸುತ್ತಾರೆ. ಬಿಸಿಯಿದ್ದಾಗಲೇ ತೆಗೆದ ಒಂದು ದಿನದ ಸುಟ್ಟ ಗುರುತು ಅವರ ಬಲಗೈ ಮೇಲೆ ಮೊಣಕೈವರೆಗೂ ಇದೆ.

ತಳದ ಬಿರಡೆ ಬಿಚ್ಚಿದಾಗ ಕೆಳಗಿಟ್ಟ ಬಾಂಡ್ಲಿಗೆ ಇಳಿಯುತ್ತಿರುವುದನ್ನು ನೀರು ಎನ್ನಲಾಗದು. ಅಂಬಲಿಯಷ್ಟು ಗಟ್ಟಿ, ಕೆರೆಯ ಕೆಸರಿನ ಬಣ್ಣ.

"ಏನೇನು ಕುಡಿಸೀಯೋ ಮಾಳಿಂಗ ಇದಕ್ಕೆ?"

ಕಾರು ಅದನ್ನು ಬಾಡಿಗೆಗೆ ಓಡಿಸುವ ಮಾಳಿಂಗಪ್ಪ ಅವರದು. ನಿನ್ನೆ ಸಂಜೆ ದಾರಿಯಲ್ಲಿ ಸಿಕ್ಕಾಪಟ್ಟೆ ಕಾದು, ಹೇಗೋ ಇಲ್ಲಿಗೆ ಬಂದು ನಿಂತಿದೆ. ಅವರು ಬೆಳಗಿನ ಮೊದಲ ಬಸ್ಸಿಗೇ ಓಡಿ ಬಂದಿದ್ದಾರೆ. "ಮೊದ್ಲು ಹಸಿರು ಕೂಲಂಟ್ ಇತ್ತಣ್ಣಾ. ಕಡಿಮಿ ಆತು ಅಂತ ದಾರ್ಯಾಗ ಸಿಕ್ಕಿದ್ದು ಕೆಂಪು ಹಾಕ್ಸಿದೆ." ಕೂಲಂಟ್ ಎಂದರೆ ಎಂಜಿನ್ ತಣ್ಣಗಿಡಲು ರೇಡಿಯೇಟರಿಗೆ ಹಾಕುವ ಬಣ್ಣದ ದ್ರವ.

"ಹಸಿರೂ ಹಾಕೀಯ, ಕೆಂಪೂ ಹಾಕೀಯ. ಗಾಡಿ ಓಡಸ್ತೀಯೋ, ಸಿಗ್ನಲ್ ನಡಸ್ತೀಯೋ? ಮತ್ತೇನು ಹಾಕಿದ್ದಿ?"

ಮಾಳಿಂಗಪ್ಪ ನನ್ನ ಕಡೆ ಒಮ್ಮೆ ನೋಡಿ ದನಿ ತಗ್ಗಿಸುತ್ತಾರೆ. "ಅಜ್ಜಯ್ಯನ ತೀರ್ಥ."

ಉಕ್ಕಡಗಾತ್ರಿಯ ಅಜ್ಜಯ್ಯನ ಗದ್ದುಗೆಗೆ ಜನರನ್ನು ಕರೆದೊಯ್ದಾಗಲೆಲ್ಲ ಅವರು ಒಂದು ಬಾಟಲಿ ಹೊಳೆಯ ನೀರು ತುಂಬಿಕೊಳ್ಳುತ್ತಾರಂತೆ. ಅರ್ಧ ಮನೆಗೆ, ಅರ್ಧ ಕಾರಿಗೆ. ಗಾಲಿಗೆ ಚಿಮುಕಿಸುವವರನ್ನು ಕಂಡಿದ್ದೇನೆ. ಇವರು ಅದನ್ನು ರೇಡಿಯೇಟರಿಗೇ ಕುಡಿಸಿದ್ದಾರೆ. ತಿಪ್ಪೇರುದ್ರಪ್ಪ ನಗುವುದಿಲ್ಲ. ಶೆಡ್ಡಿನ ಗೋಡೆಯ ಮೇಲೆ ಅವರದೂ ಅಜ್ಜಯ್ಯನ ಪಟವಿದೆ.

"ಇಷ್ಟು ವರ್ಷ ಬ್ಯಾರೇರ ಗಾಡಿ ಓಡಿಸ್ದೆ ಅಮ್ಮಾ" ಎಂದು ಮಾಳಿಂಗಪ್ಪ ನನಗೆ ವಿವರಿಸುತ್ತಾರೆ. "ಇದೊಂದೇ ನಂದು ಅಂತ ಇರಾದು. ಎಂಜಿನ್ ಹೋತು ಅಂದ್ರೆ ಮತ್ತೆ ಇನ್ನೊಬ್ರ ಬಾಗಿಲಾಗೆ ಕೀಲಿ ಇಸ್ಕಳಾಕೆ ನಿಲ್ಬೇಕು. ಅದಕ್ಕೇ ದೇವ್ರು ಒಳಗೇ ಇರ್ಲಿ ಅಂತ ಹಾಕ್ದೆ."

ಈಗ ಹೊಸ ಪೇಚು. ತೀರ್ಥವನ್ನು ತುಳಿಯಬಾರದು, ಗಿಡದ ಬುಡಕ್ಕೆ ಹಾಕಬೇಕು. ಮಾಳಿಂಗಪ್ಪ ಬಾಂಡ್ಲಿ ಎತ್ತಿಕೊಂಡು ಬೇವಿನ ಮರದ ಕಡೆ ಹೊರಟೇಬಿಡುತ್ತಾರೆ. ತಿಪ್ಪೇರುದ್ರಪ್ಪ ಅಡ್ಡ ನಿಲ್ಲುತ್ತಾರೆ.

"ಬ್ಯಾಡ. ಕೂಲಂಟ್ ಸಿಹಿ ಇರ್ತೈತೆ, ನಾಯಿ ನೆಕ್ತಾವೆ, ಕರ ನೆಕ್ತಾವೆ. ವಿಷ ಅದು."

"ತೀರ್ಥ ಹೆಂಗೆ ವಿಷ ಆಗ್ತೈತಣ್ಣಾ?"

ಮೂವರೂ ಬಾಂಡ್ಲಿಯೊಳಗೆ ಬಗ್ಗಿ ನೋಡುತ್ತೇವೆ. ಅದರಲ್ಲಿ ತೀರ್ಥ ಎಷ್ಟು, ವಿಷ ಎಷ್ಟು ಎಂದು ಹೇಳುವವರು ಯಾರು? ಕೊನೆಗೆ ತಿಪ್ಪೇರುದ್ರಪ್ಪ ಅದನ್ನು ಒಂದು ಕ್ಯಾನಿಗೆ ಸುರಿದು, ಬಿಗಿಯಾಗಿ ಮುಚ್ಚಿ, ಪಟದ ಕೆಳಗಿನ ಹಲಗೆಯ ಮೇಲೆ ಇಡುತ್ತಾರೆ. ತುಳಿಯುವಂತಿಲ್ಲ, ನೆಕ್ಕುವಂತೆಯೂ ಇಲ್ಲ. "ಮುಂದಿನ ಸರ್ತಿ ನಿನ್ನ ತಲಿ ಮ್ಯಾಲೆ ಹಾಕ್ಕ, ಬಾನೆಟ್ ಮ್ಯಾಲೆ ಹಾಕು. ಒಳಗೆ ಬ್ಯಾಡ" ಎನ್ನುತ್ತಾರೆ.

ಹರಿಹರದಲ್ಲಿ ಲಾರಿಗಳ ಹಿತ್ತಾಳೆ ರೇಡಿಯೇಟರಿಗೆ ಬೆಸುಗೆ ಹಾಕುತ್ತ ಕೆಲಸ ಕಲಿತವರು ತಿಪ್ಪೇರುದ್ರಪ್ಪ. ಈಗಿನವು ಅಲ್ಯೂಮಿನಿಯಂ, ಮೇಲೆ ಪ್ಲಾಸ್ಟಿಕ್ಕು. ಹಳೆಯ ಬೆಸುಗೆ ಇವಕ್ಕೆ ಹಿಡಿಯುವುದಿಲ್ಲ. ಬೆಸುಗೆ ಕೋಲು ಮೂಲೆ ಸೇರಿದೆ. ಉಳಿದಿರುವುದು ತೊಳೆಯುವ, ತುಂಬುವ ಕೆಲಸ. ದಿನಕ್ಕೆ ಮೂರೋ ನಾಲ್ಕೋ ಗಾಡಿ ಬಂದರೆ ಹೆಚ್ಚು.

ಹಾಗಾದರೆ ಯಾವ ನೀರು ಒಳ್ಳೆಯದು ಎಂದು ಕೇಳುತ್ತೇನೆ. ಬೋರಿನ ನೀರು ಸುತಾರಾಂ ಬೇಡ, ಬಚ್ಚಲ ಹಂಡೆಯಲ್ಲಿ ಕಟ್ಟುವ ಬಿಳಿ ಉಪ್ಪು ಒಳಗೂ ಕಟ್ಟುತ್ತದೆ. ನಲ್ಲಿ ನೀರು, ಹೊಳೆ ನೀರು ಅದಕ್ಕಿಂತ ವಾಸಿ, ಆದರೂ ಬೇಡ. ಫಿಲ್ಟರ್ ನೀರು? ಕೆಲವರು ಸರಿ ಎನ್ನುತ್ತಾರೆ, ಕೆಲವರು ಬೇಡ ಎನ್ನುತ್ತಾರೆ. ಒಬ್ಬರು ಏಸಿಯಿಂದ ತೊಟ್ಟಿಕ್ಕುವ ನೀರನ್ನು ಹಿಡಿದು ತಂದಿದ್ದರಂತೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಮಾತ್ರ ಇವರಿಗೆ ನಂಬಿಕೆ. ಕೂಲಂಟಿನ ಮಾತು ಬಂದರೆ ಇನ್ನೂ ಗೋಜಲು. ಕೆಲವು ಕ್ಯಾನಿಗೆ ಸಮಸಮ ನೀರು ಬೆರೆಸಬೇಕು, ಕೆಲವಕ್ಕೆ ಹನಿಯೂ ಬೆರೆಸಬಾರದು.

"ಬಣ್ಣ ನೋಡಿದರೆ ತಿಳಿಯುವುದಿಲ್ಲವೇ?"

"ಇಲ್ರಿ ಅಮ್ಮಾ. ಒಂದು ಕಂಪನಿ ಕೆಂಪೇ ಬ್ಯಾರೆ, ಇನ್ನೊಂದು ಕಂಪನಿ ಕೆಂಪೇ ಬ್ಯಾರೆ. ನಂಗೂ ಪೂರಾ ಗೊತ್ತಿಲ್ರಿ. ಒಂದಕ್ಕೊಂದು ಸೇರ್ದಿದ್ರೆ ಹಿಂಗೆ ಅಂಬಲಿ ಆಗ್ತೈತೆ, ಅಷ್ಟು ಗೊತ್ತು."

ನಾನು ಬರೆದುಕೊಂಡದ್ದನ್ನು ಓದಿ ನೋಡುತ್ತೇನೆ. ಬಂದಾಗ ಇದ್ದದ್ದಕ್ಕಿಂತ ಹೆಚ್ಚು ಗಲಿಬಿಲಿಯಲ್ಲಿದ್ದೇನೆ. ಅವರು ನನಗಾಗಿ ಸ್ಟೂಲನ್ನು ಬಿಸಿಲಿನಿಂದ ನೆರಳಿಗೆ ಎಳೆದಿಟ್ಟದ್ದು ಆಗಷ್ಟೇ ಗಮನಕ್ಕೆ ಬರುತ್ತದೆ.

ಮತ್ತೆ ಮತ್ತೆ ತೊಳೆದರೂ ಕಂದು ನೀರೇ ಬರುತ್ತಿದೆ. ಇವತ್ತು ಅಮಾವಾಸ್ಯೆ, ಅಜ್ಜಯ್ಯನ ದರ್ಶನಕ್ಕೆ ವಿಶೇಷ ದಿನ. ದೇವರಾಜ ಅರಸು ಬಡಾವಣೆಯ ಕಸ್ತೂರಮ್ಮನವರ ಮನೆಯವರನ್ನು ಮಾಳಿಂಗಪ್ಪ ಉಕ್ಕಡಗಾತ್ರಿಗೆ ಕರೆದೊಯ್ಯಬೇಕು.

"ಯಾವುದಾದ್ರೂ ಒಂದು ಹಾಕ್ಕೊಡಣ್ಣಾ. ಬಂದ ಮ್ಯಾಲೆ ತೊಳಿಯಂತೆ."

"ಯಾವ್ದು ಹಾಕ್ಲಿ? ಈ ಗಾಡಿಗೆ ಯಾವ್ದು ಅಂತ ಬರೆದಿರೋ ಪುಸ್ತಕ ಐತಾ?"

"ಸೆಕೆಂಡ್ ಹ್ಯಾಂಡ್ ಗಾಡಿಗೆ ಎಲ್ಲೀ ಪುಸ್ತಕ? ಇಷ್ಟು ವರ್ಷ ಮಾಡೀಯ, ಅಂದಾಜು ಗೊತ್ತಾಗಲ್ವಾ ನಿನಗೆ?"

"ಅಂದಾಜಿಗೆ ಹಾಕಿದ್ದಕ್ಕೇ ಇಲ್ಲಿ ನಿಂತೈತೆ. ಶೋರೂಮ್ ತೆಗೀಲಿ, ಗಾಡಿ ನಂಬರ್ ಹೇಳಿ ಕೇಳ್ತೀನಿ. ಇವತ್ತು ಡಿಸ್ಟಿಲ್ಡ್ ವಾಟರ್ ಹಾಕಿ ಇನ್ನೊಮ್ಮೆ ತೊಳಿಯಾದು, ತುಂಬಾದು ನಾಳೆ. ನಂದು ಹಟ ಅಂತೀಯ? ಕೀಲಿ ನಿನ್ನ ಕೈಯಾಗೆ ಐತೆ, ಒಯ್ಯಿ."

ಮಾಳಿಂಗಪ್ಪ ಕೀಲಿಯನ್ನು ಬೆರಳಿನಲ್ಲಿ ತಿರುಗಿಸುತ್ತ ಕಾರಿಗೆ ಒಂದು ಸುತ್ತು ಹಾಕುತ್ತಾರೆ. ಆಮೇಲೆ ಕಸ್ತೂರಮ್ಮನವರಿಗೆ ಫೋನ್ ಮಾಡುತ್ತಾರೆ. ಆ ಕಡೆಯ ದನಿ ನನಗೂ ಕೇಳುತ್ತದೆ: "ಅಮಾಸಿ ನಾಳಿಗೆ ನಿಲ್ತೈತೇನಪ್ಪಾ? ಬ್ಯಾರೆ ಗಾಡಿ ಹೇಳ್ತೀವಿ ಬಿಡು." ಮಾಳಿಂಗಪ್ಪ ಕೀಲಿಯನ್ನು ಪಟದ ಕೆಳಗೆ, ಕ್ಯಾನಿನ ಪಕ್ಕ ಇಟ್ಟು, ಹಳೆಯ ಟೈರಿನ ಮೇಲೆ ಕೂರುತ್ತಾರೆ.

ನಿಮಗೇನಾದರೂ ಆಸೆ ಇದೆಯೇ ಎಂದು ತಿಪ್ಪೇರುದ್ರಪ್ಪ ಅವರನ್ನು ಕೇಳುತ್ತೇನೆ. ಪೈಪು ಹಿಡಿದೇ ಹೇಳುತ್ತಾರೆ: "ಕ್ಯಾನಿನ ಮ್ಯಾಲೆ ಕನ್ನಡದಾಗೆ ದಪ್ಪಗೆ ಬರೀಬೇಕ್ರಿ, ನೀರು ಬೆರೆಸ್ಬೇಕು ಇಲ್ಲಾ ಬೆರೆಸ್ಬಾರ್ದು ಅಂತ. ಅಷ್ಟಾದ್ರೆ ಸಾಕು."

ಕೈ ತೊಳೆದುಕೊಂಡು ಒಳಗೆ ಹೋಗುತ್ತಾರೆ. ಹೆಂಡತಿ ಯಲ್ಲಕ್ಕ ಬೆಳಗ್ಗೆ ಕಟ್ಟಿಕೊಟ್ಟ ಬುತ್ತಿ ಒಂದೇ ಇದೆ: ಜೋಳದ ರೊಟ್ಟಿ, ಶೇಂಗಾ ಚಟ್ನಿ. ಗಂಟು ಬಿಚ್ಚದೆ ಹೊರಗೆ ತಂದು, ತಲೆ ತಗ್ಗಿಸಿ ಕೂತಿರುವ ಮಾಳಿಂಗಪ್ಪ ಅವರ ತೊಡೆಯ ಮೇಲೆ ಇಟ್ಟು, ಮತ್ತೆ ಪೈಪು ಎತ್ತಿಕೊಳ್ಳುತ್ತಾರೆ.