ತೊಳೆಯಬಾರದ ಗಡಿಗೆ

ಹೈದರಾಬಾದಿನಲ್ಲಿ ನಾವಿರುವ ಓಣಿಯ ತುದಿಗೆ ಒಂದು ಸಣ್ಣ ಉದ್ಯಾನವಿದೆ. ಬೇಸಿಗೆ ಬಂತೆಂದರೆ ಅದರ ಗೇಟಿನ ಪಕ್ಕ ಒಬ್ಬ ಹೆಣ್ಣುಮಗಳು ಸ್ಟೀಲಿನ ಡ್ರಮ್ಮು ಇಟ್ಟುಕೊಂಡು ಜೋಳದ ಅಂಬಲಿ ಮಾರುತ್ತಾಳೆ. ಬೆಳಗಿನ ನಡಿಗೆ ಮುಗಿಸಿದವರು ನಿಂತುಕೊಂಡೇ ಕುಡಿದು, ಬಾಯಿ ಒರೆಸಿಕೊಂಡು ಹೋಗುತ್ತಾರೆ. ಎರಡು ಬೇಸಿಗೆ ನಾನು ಅವಳನ್ನು ದಾಟಿ ಹೋಗಿದ್ದೆ. ಈ ವರ್ಷ ಒಂದು ದಿನ ನಾನು ಹತ್ತಿರ ಬರುವುದಕ್ಕೂ ಅವಳು ಮುಚ್ಚಳ ತೆಗೆಯುವುದಕ್ಕೂ ಸರಿಹೋಯಿತು. ಮೊದಲು ಹುಳಿಯ ವಾಸನೆ ಬಂತು, ಅದರ ಹಿಂದೆ ಜಜ್ಜಿದ ಬೆಳ್ಳುಳ್ಳಿ, ಜೀರಿಗೆ, ಎಲ್ಲದರ ಕೆಳಗೆ ತೇವದ ಮಣ್ಣು. ಸ್ಟೀಲಿನ ಡ್ರಮ್ಮಿನಲ್ಲಿ ಮಣ್ಣಿನ ವಾಸನೆ ಇರಲು ಸಾಧ್ಯವಿಲ್ಲ, ಅದು ನನಗೆ ಗೊತ್ತು. ಆದರೂ ಬಂತು. ಒಂದು ಗ್ಲಾಸು ತೆಗೆದುಕೊಂಡು ಕುಡಿಯದೆ ನಿಂತೆ. ಬಿಸಿಲಿಗೆ ತಲೆ ತಿರುಗಿತೆಂದುಕೊಂಡು ಆಕೆ ತನ್ನ ಸ್ಟೂಲನ್ನು ನನ್ನ ಕಡೆ ಸರಿಸಿದಳು.

ಬಸವಕಲ್ಯಾಣದಲ್ಲಿ ಕೋಟೆಯ ಕಡೆ ಹೋಗುವ ಬೀದಿಯಲ್ಲಿ ನಮ್ಮ ಮನೆಯಿತ್ತು. ಮುಂದಿನ ಎರಡು ಖೋಲಿ ಖಾನಾವಳಿ, ಹಿಂದಿನದು ನಾವು ಇರುವ ಜಾಗ. ಹೆಸರಿನ ಬೋರ್ಡು ಇರಲಿಲ್ಲ. ಊರೆಲ್ಲ ಅದನ್ನು ಆಯಿ ಖಾನಾವಳಿ ಎನ್ನುತ್ತಿತ್ತು. ಆಯಿ ಎಂದರೆ ನನ್ನ ಅಪ್ಪನ ತಾಯಿ. ಒಲೆಯ ಮುಂದೆ ಅವಳು, ಅವಳ ಎಡಕ್ಕೆ ನಮ್ಮವ್ವ, ಬಲಕ್ಕೆ ಚಿಗವ್ವ, ಅಂದರೆ ಅಪ್ಪನ ತಮ್ಮನಾದ ಕಾಕಾನ ಹೆಂಡತಿ ಶಾಂತವ್ವ. ಬೆಳಗಿನ ಹತ್ತು ಗಂಟೆಗೆ ಮೊದಲ ರೊಟ್ಟಿ ಬಡಿಯುವ ಸದ್ದು ಶುರುವಾದರೆ ಮಧ್ಯಾಹ್ನ ಮೂರರ ತನಕ ನಿಲ್ಲುತ್ತಿರಲಿಲ್ಲ. ಬಿಸಿ ರೊಟ್ಟಿ, ಪುಂಡಿಪಲ್ಯ, ಜುಣಕ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ, ಕೊನೆಗೆ ಚರಿಗೆಯ ತುಂಬ ತಣ್ಣಗಿನ ಅಂಬಲಿ. ಎಳ್ಳ ಅಮವಾಸ್ಯೆಯ ಆಚೀಚೆ ಮಾತ್ರ ಹಸಿ ಕಾಳು, ಸೊಪ್ಪು, ಕಾಯಿಪಲ್ಯ ಎಲ್ಲ ಕೂಡಿಸಿ ಕುದಿಸಿದ ಭಜ್ಜಿ. ಇಷ್ಟೇ. ಈಗ ಹೈದರಾಬಾದಿನಲ್ಲಿ ಇದೇ ಊಟವನ್ನು ತಟ್ಟೆಯೊಳಗೆ ಎಂಟು ಬಟ್ಟಲು ಜೋಡಿಸಿ, ಮಧ್ಯದಲ್ಲಿ ಅಂಗೈಯಗಲದ ರೊಟ್ಟಿ ಇಟ್ಟು ಕೊಡುವ ಹೋಟೆಲುಗಳಿವೆ. ನಾನು ಎಲ್ಲದಕ್ಕೂ ಹೋಗಿ ನೋಡಿದ್ದೇನೆ, ಪ್ರತಿ ಸಲವೂ ಸಿಟ್ಟಿನಿಂದ ಎದ್ದು ಬಂದಿದ್ದೇನೆ. ಅವರು ಮಾಡುವುದರಲ್ಲಿ ತಪ್ಪೇನೂ ಇರುವುದಿಲ್ಲ. ನಿಮಗೂ ಇಂಥದೊಂದು ಮುಚ್ಚಿಹೋದ ಊಟದ ಮನೆ ಇದ್ದರೆ, ಆ ಸಿಟ್ಟು ಯಾರ ಮೇಲೆ ಎಂದು ನೀವೂ ಕೇಳಿಕೊಂಡಿರುತ್ತೀರಿ.

ಅಂಬಲಿಯ ಹಿಟ್ಟು ಹುಳಿಯಾಗುವ ಗಡಿಗೆ ಒಲೆಯ ಎಡಗಡೆ, ದೀಪದ ಮಾಡದ ಕೆಳಗೆ ಇರುತ್ತಿತ್ತು. ಕಪ್ಪು ಗಡಿಗೆ, ಕಂಠದ ಒಂದು ಕಡೆ ಬೆರಳಗಲ ಚಿಪ್ಪು ಹೋಗಿತ್ತು, ಬಾಯಿಗೆ ಹಳೆ ಧೋತರದ ಬಟ್ಟೆ. ಬೆಳಿಗ್ಗೆ ಹುಳಿ ಹಿಟ್ಟನ್ನು ಬೋಗುಣಿಗೆ ಸುರಿದು ಕುದಿಸುವಾಗ ತಳದಲ್ಲಿ ಒಂದು ಸೌಟು ಬಿಡಬೇಕು. ಸಂಜೆ ಅದರ ಮೇಲೆ ಹೊಸ ಹಿಟ್ಟು, ನೀರು ಹಾಕಿ ಕಲಸಿ ಬಟ್ಟೆ ಕಟ್ಟಬೇಕು. ತೊಳೆಯಬಾರದು. ಇದು ತನ್ನ ಅತ್ತೆಯ ಕಾಲದ ಗಡಿಗೆ, ಒಮ್ಮೆಯೂ ನೀರು ಕಂಡಿಲ್ಲ ಎಂದು ಆಯಿ ಗಿರಾಕಿಗಳ ಮುಂದೆ ಹೇಳುತ್ತಿದ್ದಳು. ಮಂಠಾಳದಿಂದ ಸಂತೆಗೆ ಬರುವ ರೈತರು ಅದಕ್ಕೆ ಕೈ ಮುಗಿಯುವುದೊಂದು ಬಾಕಿ. ಅದೇ ರೈತರು ಬಾಗಿಲಲ್ಲಿ ಚಪ್ಪಲಿ ಬಿಡುತ್ತ ಇನ್ನೊಂದು ಮಾತು ಕೇಳುತ್ತಿದ್ದರು. "ಇವತ್ತ ಒಲಿ ಮುಂದ ಯಾರ ಕೈ ಅದ್ರಿ? ಸಣ್ಣ ಸೊಸಿದು ಇದ್ರ ಎರಡ ರೊಟ್ಟಿ ಜಾಸ್ತಿ ಹಾಕ್ರಿ." ಎಲ್ಲರೂ ನಗುತ್ತಿದ್ದರು. ಆಗ ಆಯಿ ಮುಚ್ಚಳವನ್ನು ಪಾತ್ರೆಯ ಮೇಲೆ ಇಡುವ ಸದ್ದು ದಿನದ ಸದ್ದಿಗಿಂತ ಜೋರಾಗಿರುತ್ತಿತ್ತು. ಆ ಸದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಅದರ ಅರ್ಥ ಮಾತ್ರ ಆಗ ತಿಳಿಯಲಿಲ್ಲ.

ನನಗೆ ಒಂಬತ್ತು ವರ್ಷ. ಎಳ್ಳ ಅಮವಾಸ್ಯೆಯ ಹಿಂದಿನ ದಿನ. ಹಬ್ಬದ ಮುನ್ನಾದಿನ ಖಾನಾವಳಿ ಬಂದ್ ಇಟ್ಟು ಮನೆಯ ಪಾತ್ರೆಗಳನ್ನೆಲ್ಲ ತಿಕ್ಕುವುದು ನಮ್ಮಲ್ಲಿ ಪದ್ಧತಿ. ಮನೆಯಲ್ಲಿ ಒಂದೂ ಮುಸುರಿ ಪಾತ್ರೆ ಉಳಿಯಬಾರದು, ಉಳಿದರೆ ಹೊಲದ ಪೂಜೆ ಮುಟ್ಟುವುದಿಲ್ಲ ಎಂದು ಆಯಿ ಬೆಳಗಿನಿಂದ ಹತ್ತು ಸಲ ಹೇಳಿದ್ದಳು. ಮಧ್ಯಾಹ್ನ ಅವಳು ಕಾಯಿಪಲ್ಯ ತರಲು ಹೋದಳು. ಅವ್ವ, ಚಿಗವ್ವ ಇಬ್ಬರೂ ಹಿಟ್ಟಿನ ಗಿರಣಿಗೆ ಹೋದರು. ಆಯಿ ಬಂದಾಗ ಶಭಾಶ್ ಅನ್ನಲಿ ಎಂದು ನಾನು ಉಳಿದ ಪಾತ್ರೆಗಳನ್ನೆಲ್ಲ ಹಿತ್ತಲಿಗೆ ಹೊತ್ತು ತಿಕ್ಕಿದೆ. ಕೊನೆಗೆ ಆ ಗಡಿಗೆ. ಅದನ್ನು ತೊಳೆಯಬಾರದು ಎಂಬುದು ನನಗೆ ಗೊತ್ತಿತ್ತು. ಮುಸುರಿ ಉಳಿಯಬಾರದು ಎಂಬುದೂ ಗೊತ್ತಿತ್ತು. ಎರಡರಲ್ಲಿ ಆ ದಿನ ಹೆಚ್ಚು ಸಲ ಕೇಳಿದ ಮಾತು ಗೆದ್ದಿತು. ಕಂಠದ ಒಳಗೆ ಕಟ್ಟಿದ್ದ ಬಿಳಿ ಪದರವನ್ನು ಬೂದಿ, ತೆಂಗಿನ ನಾರು ಹಾಕಿ ಉಜ್ಜಿದೆ. ತಳದ ಸೌಟು ಹಿಟ್ಟು ಕಾಲುವೆಗೆ ಹೋಯಿತು. ಗಡಿಗೆ ಒಣಗಿದ ಮೇಲೆ ಒಳಗಿನಿಂದ ಬರೀ ಮಣ್ಣಿನ ವಾಸನೆ ಬಂದಾಗ ಹೆದರಿಕೆಯಾಯಿತು. ಇದ್ದಲ್ಲೇ ಇಟ್ಟು ಬಟ್ಟೆ ಕಟ್ಟಿದೆ. ಸಂಜೆ ಮಬ್ಬಿನಲ್ಲಿ ಚಿಗವ್ವ ದಿನದಂತೆ ಹಿಟ್ಟು, ನೀರು ಸುರಿದು, ತಳ ನೋಡದೆ ಕಲಸಿ ಕಟ್ಟಿದಳು. ನಾನು ಎರಡು ಮಾರು ದೂರದಲ್ಲಿ ಕೂತು ನೋಡುತ್ತಿದ್ದೆ.

ಮರುದಿನ ಹೊಲದಲ್ಲಿ ಜೋಳದ ದಂಟಿನ ಗುಡಿಸಲು, ಒಳಗೆ ಪೂಜೆಯ ಐದು ಕಲ್ಲು, ಸುತ್ತ ಮಂದಿ. ಮಂಠಾಳದ ಗಿರಾಕಿಗಳೂ ಊಟಕ್ಕೆ ಬಂದಿದ್ದರು. ಅವರಲ್ಲೊಬ್ಬ ಹಿರಿಯ ಅಂಬಲಿ ಒಂದು ಗುಟುಕು ಕುಡಿದು ಚರಿಗೆ ಕೆಳಗಿಟ್ಟ. "ಯಾಕವಾ ಆಯಿ, ಇವತ್ತ ಹಿಟ್ಟಿನ ನೀರ ಕುಡಸ್ತೀಯಲ್ಲ." ಆಯಿ ನಕ್ಕಳು. ಮನೆಗೆ ಬಂದು ಸೀರೆಯನ್ನೂ ಬದಲಿಸದೆ ಗಡಿಗೆಯೊಳಗೆ ಕೈ ಹಾಕಿ ಕಂಠ ಸವರಿದಳು. ಅಲ್ಲಿ ಪದರವಿರಲಿಲ್ಲ. "ತೊಳದೀ?" ಎಂದು ಚಿಗವ್ವನನ್ನು ಕೇಳಿದಳು. "ಇಲ್ರಿ ಅತ್ತಿ, ನಾ ಯಾಕ ತೊಳೀಲಿ?" "ನಿನ್ನ ಕೈ ಬಿಟ್ರ ಯಾರ ಕೈ ಮುಟ್ಟ್ಯಾವ ಇದಕ್ಕ?" ನಾನು ನಡುಮನೆಯ ಬಾಗಿಲಲ್ಲಿ, ಎಡಗೈ ಚೌಕಟ್ಟಿನ ಮೇಲೆ ಇಟ್ಟುಕೊಂಡು ನಿಂತಿದ್ದೆ. ಉಗುರಿನ ಸಂದಿಯಲ್ಲಿ ಬೂದಿ ಇನ್ನೂ ಇತ್ತು. ಯಾರೂ ನೋಡಲಿಲ್ಲ. ಆ ಕೈಯನ್ನು ಬೆನ್ನ ಹಿಂದೆ ಸರಿಸಿಕೊಂಡೆ. "ಇನ್ನ ನನ್ನ ಒಲಿ ಮುಟ್ಟಬ್ಯಾಡ" ಎಂದಳು ಆಯಿ. ಒಲೆಯಿಂದಲೇ ಬದುಕುವ ಮನೆಯಲ್ಲಿ ಸೊಸೆಗೆ ಒಲೆ ಇಲ್ಲವೆಂದರೆ ಕೂಡುವ ಜಾಗವೂ ಇಲ್ಲ. ತಿಂಗಳೊಳಗೆ ಕಾಕಾ, ಚಿಗವ್ವ ಒಂದು ಟ್ರಂಕು, ಒಂದು ರೊಟ್ಟಿಯ ಹಂಚು ತೆಗೆದುಕೊಂಡು ಹುಮನಾಬಾದಿಗೆ ಹೋದರು. ಹೋಗುವಾಗ ಚಿಗವ್ವ ನನ್ನ ಜಡೆ ಬಿಚ್ಚಿ ಇನ್ನೊಮ್ಮೆ ಬಿಗಿಯಾಗಿ ಹೆಣೆದಳು. "ಬರ್ತೀಯಲ್ಲ ಗಂಗೂ, ನನ್ನ ಮನಿಗಿ?" ಎಂದಳು. ನಾನು ತಲೆ ಅಲ್ಲಾಡಿಸಿದೆ.

ಆಮೇಲೆ ಆಯಿ ಮತ್ತೆ ಗಡಿಗೆ ತುಂಬಿಸಿದಳು. ಆದರೆ ಗಿರಾಕಿಗಳು ರೊಟ್ಟಿ ದಪ್ಪ ಅನ್ನತೊಡಗಿದರು, ಅಂಬಲಿ ಅದಲ್ಲ ಅನ್ನತೊಡಗಿದರು. ಮಂಠಾಳದವರು ಸಂತೆ ಮುಗಿಸಿ ನೇರ ಬಸ್ಸು ಹತ್ತಿದರು. ಆಯಿ ತೀರಿಹೋದ ಮೇಲೆ ಅಪ್ಪ ಅನ್ನ, ಸಾರು ಮಾಡಿ ಕೆಲ ವರ್ಷ ಎಳೆದು ನಿಲ್ಲಿಸಿದರು. ಈಗ ಅಲ್ಲಿ ಶಟರು ಇದೆ, ಮೊಬೈಲಿನ ಕವರು ತೂಗುಹಾಕಿದ್ದಾರೆ. ಒಲೆ ಇದ್ದ ಜಾಗದಲ್ಲಿ ಬಿಲ್ಲಿನ ಯಂತ್ರ. ಇದೆಲ್ಲ ನಾನು ಉಜ್ಜಿದ ಆ ಕಂಠದಿಂದ ಆಯಿತೆಂದು ನಾನು ನಂಬಿದ್ದೆ. ಮದುವೆಯಾಗಿ ಹೈದರಾಬಾದಿಗೆ ಬಂದ ಮೇಲೆ ತವರಿಗೆ ಹೋಗುವಾಗಲೆಲ್ಲ ಹುಮನಾಬಾದಿಗಿಂತ ಮುಂಚಿನ ಮನ್ನಾಏಖೇಳ್ಳಿ ದಾಟಿದ ಕೂಡಲೇ ಕಿಟಕಿಯ ಬದಿಗೆ ಸರಿದು ಕೂಡುತ್ತಿದ್ದೆ. ಹುಮನಾಬಾದಿನಲ್ಲಿ ಬಸ್ಸು ಹತ್ತು ನಿಮಿಷ ನಿಲ್ಲುತ್ತದೆ. ಕಿಟಕಿಯಿಂದ ರಸ್ತೆಯಾಚೆ ಚಿಗವ್ವನ ತಗಡಿನ ಖಾನಾವಳಿ ಕಾಣುತ್ತಿತ್ತು. ಇಳಿದು, ರಸ್ತೆ ದಾಟಿ, ಒಂದು ಮಾತು ಹೇಳಿದರೆ ಮುಗಿಯಿತು. ಇಳಿಯಲಿಲ್ಲ. ಕಾಕಾ ತೀರಿಕೊಂಡಾಗಲೂ ಜ್ವರದ ನೆಪ ಹೇಳಿದೆ. ನನ್ನ ಮೇಲೆ ನನಗೆ ಬಂದಷ್ಟು ಬೇಸರ ಬೇರೆ ಯಾರ ಮೇಲೂ ಬಂದಿಲ್ಲ.

ಅಂಬಲಿಯ ಡ್ರಮ್ಮಿನ ವಾಸನೆ ಬಂದ ವಾರವೇ ಹೊರಟೆ. ಈ ಸಲ ಹುಮನಾಬಾದಿನಲ್ಲಿ ಇಳಿದೆ, ಆದರೆ ರಸ್ತೆಯಾಚೆ ತಗಡಿನ ಖಾನಾವಳಿ ಇರಲಿಲ್ಲ. ರಸ್ತೆ ಅಗಲವಾಗಿತ್ತು. ಎದುರಿನ ಗಾಜಿನ ಹೋಟೆಲಿನಲ್ಲಿ ಕೇಳಿದರೆ ಮಾಣಿ ಮೆನು ತಂದುಕೊಟ್ಟ. ನಾನು ಊಟಕ್ಕೆ ಬಂದಿಲ್ಲ, ಶಾಂತವ್ವನ ಖಾನಾವಳಿ ಎಲ್ಲಿ ಎಂದೆ. "ರೊಟ್ಟಿ ಖಾನಾವಳಿ ಎಲ್ಲಾ ಹೋದವ್ರಿ ಮೇಡಂ. ಗೋಬಿ ಅದ, ಫ್ರೈಡ್ ರೈಸ್ ಅದ, ಕೊಡ್ಲೇನ್ರಿ?" ಎಂದ. ಒಬ್ಬ ಆಟೋದವನು ಗೊತ್ತು ಎಂದು ಕರೆದೊಯ್ದು ಬೇರೆ ಯಾವುದೋ ಶಾಂತಾ ಬೇಕರಿಯ ಮುಂದೆ ಇಳಿಸಿದ. ಬಿಸಿಲು ನೆತ್ತಿಗೆ ಬಂದಿತ್ತು. ರಸ್ತೆಯ ಬದಿಗೆ ನಿಂತು ಅಳುವಷ್ಟು ಸಿಟ್ಟು ಬಂತು. ಇಷ್ಟು ವರ್ಷ ಎದುರಿಗೇ ಇತ್ತು, ಇಳಿಯಲಿಲ್ಲ. ಇಳಿದ ದಿನ ಇಲ್ಲ. ಕೊನೆಗೆ ಬೇಕರಿಯ ಮುದುಕ ಹೊರಗೆ ಬಂದು ದುಬಲಗುಂಡಿ ರಸ್ತೆಯ ಕಡೆ ಕೈ ತೋರಿಸಿದ. "ಹುಣಸಿ ಗಿಡದ ಬಾಜೂಕ ನೋಡ್ರಿ. ಮುದುಕಿ ಇನ್ನಾ ಬಡೀತಾಳ."

ಮೂರು ಬೆಂಚು, ಒಂದು ಒಲೆ, ಹಿಂದೆ ಸಣ್ಣ ಹಿತ್ತಲು. ಚಿಗವ್ವ ರೊಟ್ಟಿ ಬಡಿಯುತ್ತಿದ್ದವಳು ತಲೆ ಎತ್ತಿ ನೋಡಿದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವಳಿಗೆ ನನ್ನ ಗುರುತು ಹಿಡಿಯಲು ತಡವಾಗಲಿಲ್ಲ. "ಕೂಡು. ಹಂಚಿನ ಮ್ಯಾಲ ರೊಟ್ಟಿ ಅದ" ಎಂದಳು, ಅಷ್ಟೇ. ಬೆಂಚಿನ ಮೇಲೆ ನಿವೃತ್ತ ಬಸ್ ಕಂಡಕ್ಟರ್ ಒಬ್ಬರು ಉಣ್ಣುತ್ತಿದ್ದರು. ನಾನು "ಚಿಗವ್ವಾ, ಒಂದ ಮಾತ ಹೇಳೂದದ" ಎಂದೆ. "ಶಾಂತವ್ವಾ, ಹಿಂಡಿ ಹಾಕವಾ" ಎಂದರು ಕಂಡಕ್ಟರ್. ಅವಳು ಹಿಂಡಿ ಹಾಕಿ ಬಂದಳು. ಮತ್ತೆ ಶುರುಮಾಡಿದೆ. "ಶಾಂತವ್ವಾ, ಉಳ್ಳಾಗಡ್ಡಿ." ಮೂರನೇ ಸಲ ನನಗೆ ತಡೆಯಲಾಗಲಿಲ್ಲ; ಅವರ ಎದುರಿಗೇ, ನನ್ನ ತಟ್ಟೆಗೆ ಬಂದಿದ್ದ ರೊಟ್ಟಿ ಮುರಿಯದೆ, ಎಲ್ಲವನ್ನೂ ಹೇಳಿದೆ. ಬೂದಿ, ನಾರು, ಕಾಲುವೆಗೆ ಹೋದ ಹಿಟ್ಟು, ಬಾಗಿಲ ಚೌಕಟ್ಟು.

ಚಿಗವ್ವ ಕೈಯಲ್ಲಿದ್ದ ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರಿ, ತಿರುವಿದಳು. ಆಮೇಲೆ ನಕ್ಕಳು. "ಆ ಗಡಗಿ ನಾ ಸೊಸಿಯಾಗಿ ನಡೀಲಿಕ್ಕಿ ಬಂದ ಮ್ಯಾಲನ ಎರಡ ಸರೆ ಹೊಸದಾಗಿತ್ತು. ಒಮ್ಮಿ ಬೆಕ್ಕು ಉರುಳಿಸಿ ಒಡೀತು, ಒಮ್ಮಿ ಹುಳಾ ಬಿದ್ದು ನಿಮ್ಮ ಆಯಿನಽ ತೊಳದಳು. ಬಾಜೂ ಮನಿಂದ ಒಂದ ಸೌಟ ಹುಳಿ ತಂದು ಹಾಕಿ, ಯಾರ ಮುಂದೂ ಅನಬ್ಯಾಡ ಅಂದಳು. ನಾನೂ ಅನಲಿಲ್ಲ."

"ಮತ್ತ ನಿನ್ನ ಯಾಕ ಹೊರಗ ಹಾಕಿದಳು?"

"ಬಾಗಲಾಗ ನಿಂತು ಕೇಳ್ತಿದ್ದರಲ್ಲ ಮಂಠಾಳದ ಮಂದಿ, ಇವತ್ತ ಯಾರ ಕೈ ಅಂತ. ಅದು ಸಾಲಲಿಲ್ಲೇನು? ಗಡಗಿ ಇಲ್ಲಂದ್ರ ನೆವಕ್ಕ ಉಪ್ಪಿನ ಡಬ್ಬಿ ಸಿಗ್ತಿತ್ತು."

ನಾನು ಹೊತ್ತು ತಂದ ಮಾತಿಗೆ ಅಲ್ಲಿ ಇಳಿಸುವ ಜಾಗವೇ ಇರಲಿಲ್ಲ. ನಲವತ್ತಕ್ಕೂ ಹೆಚ್ಚು ವರ್ಷ! ಯಾರ ಮೇಲೆ ಸಿಟ್ಟಾಗಲಿ? ಆಯಿ ಇಲ್ಲ, ಅಪ್ಪ ಇಲ್ಲ, ಒಲೆಯೂ ಇಲ್ಲ. ಚಿಗವ್ವನ ನಗು ಅಷ್ಟರಲ್ಲಿ ನಿಂತಿತ್ತು. ಹಂಚಿನ ಮೇಲೆ ರೊಟ್ಟಿ ಸೀಯುತ್ತಿದ್ದರೂ ಅವಳು ತೆಗೆಯಲಿಲ್ಲ. "ಅದಕ್ಕ ಬರಲಿಲ್ಲೇನು ನೀ? ಈ ಹುಡುಗಿನೂ ಆಯಿ ಮಾತ ನಂಬ್ಯಾಳ ಅಂತ ತಿಳದಿದ್ದೆ ನಾ. ಬಸ್ಸಿನ ಖಿಡಕ್ಯಾಗ ನಿನ್ನ ಮಾರಿ ಎಷ್ಟ ಸರೆ ಕಂಡೀನಿ. ಇವತ್ತರ ಇಳೀತಾಳ ಅಂತ ರೊಟ್ಟಿ ಬಡದ ಇಟ್ಟೀನಿ. ಬಸ್ಸು ಹೋಗ್ತಿತ್ತು." ಅವಳ ದನಿ ಏರಲಿಲ್ಲ. ಕಂಡಕ್ಟರ್ ಅಲ್ಲಿಯ ತನಕ ಏನಾದರೊಂದು ಕೇಳುತ್ತಿದ್ದವರು, ತಾವೇ ಎದ್ದು ಚರಿಗೆಗೆ ನೀರು ತುಂಬಿಕೊಂಡರು.

ನಾನು ಊಟ ಮಾಡಿದೆ. ಕೊನೆಗೆ ಅವಳು ಅಂಬಲಿ ಕೊಟ್ಟಳು. ಅದೇ ರುಚಿಯೇ ಎಂದು ನೀವು ಕೇಳಬಹುದು. ಹೇಳಲಾರೆ. ಆ ಮನೆಯಲ್ಲಿ ದೀಪದ ಮಾಡ ಎಲ್ಲಿತ್ತು, ಗಡಿಗೆಯ ಚಿಪ್ಪು ಯಾವ ಕಡೆ ಹೋಗಿತ್ತು ಎಂದು ಈಗಲೂ ಬರೆದು ತೋರಿಸಬಲ್ಲೆ. ಅಂಬಲಿಯ ರುಚಿ ನನಗೆ ನೆನಪಿಲ್ಲ. ಹುಳಿಯಿತ್ತು, ತಣ್ಣಗಿತ್ತು, ಎರಡು ಚರಿಗೆ ಕುಡಿದೆ. ಎದ್ದು ಕೈ ತೊಳೆಯುವಾಗ ಚಿಗವ್ವ ಮೂಲೆಯಿಂದ ಒಂದು ಕಪ್ಪು ಗಡಿಗೆ ಎತ್ತಿ ನನ್ನ ಕೈಗೆ ಕೊಟ್ಟಳು. "ಇದರ ಹುಳಿ ಬ್ಯಾರೆ ತಗದಿಟ್ಟೀನಿ. ಹಿತ್ತಲದಾಗ ಬೂದಿ ಅದ. ತೊಳದ ಬೋರಲ ಹಾಕಿ ಹೋಗು. ಆ ಕೆಲಸ ನಿನಗ ಛಲೋ ಬರ್ತದಲ್ಲ."

ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು ಕಂಠದ ಒಳಗೆ ಕೈ ಹಾಕಿದೆ. ಅದೇ ಬಿಳಿ ಪದರ ಬೆರಳಿಗೆ ತಾಗಿತು. ನೀರು ಬೆಳ್ಳಗಾಗಿ ಹರಿದು ಹುಣಸೆಯ ಬುಡ ಸೇರಿತು. ಒಳಗೆ ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಯಿತು, ಯಾರೋ ಹೊಸ ಗಿರಾಕಿ ಬಂದಿರಬೇಕು. ಗಡಿಗೆಯನ್ನು ಕಟ್ಟೆಯ ಮೇಲೆ ಬೋರಲು ಹಾಕಿ, ಅದು ಒಣಗುವ ತನಕ ಪಕ್ಕದಲ್ಲೇ ಕೂತಿದ್ದೆ. ಬಸ್ಸಿನಲ್ಲಿ ಕಿಟಕಿಯ ಬದಿ ಜಾಗ ಸಿಕ್ಕ ಮೇಲೆ ನೋಡಿಕೊಂಡರೆ ಉಗುರಿನ ಸಂದಿಯಲ್ಲಿ ಬೂದಿ ಉಳಿದಿತ್ತು. ಹೈದರಾಬಾದಿನ ತನಕ ಅದನ್ನು ತೆಗೆಯಲಿಲ್ಲ.