ಕಲ್ಲವ್ವನ ಮೈಮೇಲಿನ ಹೆಸರು

ಕಲ್ಲಿನ ಮೇಲಿನ ಹಳೆಯ ಬರಹ ಓದುವುದು ಕೂಲಿಯವರ ಮಕ್ಕಳಿಗೆ ಶಕ್ಯವಿಲ್ಲ ಎಂದಿದ್ದವನು ನನ್ನ ಸೋದರಮಾವ. ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಶಾಸನ ಓದುವ ಕೋರ್ಸನ್ನೂ ಮುಗಿಸಿ, ಚಿಕ್ಕೋಡಿಯಲ್ಲಿ ಸರ್ಟಿಫಿಕೇಟು ತೆಗೆದುಕೊಂಡು ತೆಲಸಂಗಕ್ಕೆ ಮರಳುವಾಗ, ಅವನ ಊರು ಅನಂತಪುರದಲ್ಲಿ ಬೇಕೆಂದೇ ಇಳಿದೆ.

ಕೆರೆ ಏರಿಯ ಮೇಲೆ ಕಸ್ತೂರಕ್ಕನ ಚಹಾದಂಗಡಿ; ಮಾವ ಅಲ್ಲೇ ಕೂತಿದ್ದ. ಪಕ್ಕದ ಶಾಸನದ ಕಲ್ಲನ್ನು ಊರವರು ಕಲ್ಲವ್ವ ಎಂದು ಪೂಜಿಸುತ್ತಾರೆ; ದಿನದ ಮೊದಲ ಚಹಾ ಅದಕ್ಕೇ. ಎಣ್ಣೆ, ಕುಂಕುಮ ಕೂತು ಅಕ್ಷರಗಳೆಲ್ಲ ಮುಚ್ಚಿಹೋಗಿದ್ದವು.

“ಭಾಳ ಕಲ್ತೀಯಲ್ಲ, ಓದ ನೋಡೂಣು,” ಎಂದ ಮಾವ.

“ದೇವರ ಮೈ ಐತಿ, ಸಾವಕಾಶ ತಿಕ್ಕವಾ,” ಎಂದು ಕಸ್ತೂರಕ್ಕ ಬಿಸಿನೀರು ಕೊಟ್ಟಳು.

ಯಾರೋ ಅರಸನ ಹೆಸರಿರಬೇಕು ಎಂದುಕೊಂಡಿದ್ದೆ. ತಿಕ್ಕಿ, ಒಂದೊಂದೇ ಅಕ್ಷರ ಕೂಡಿಸಿ ಜೋರಾಗಿ ಓದಿದೆ. ಮಣ್ಣು ಹೊತ್ತು ಈ ಏರಿ ಕಟ್ಟಿದವರು ಮಾಚ ಮತ್ತು ಅವನ ಹೆಂಡತಿ ಬೊಮ್ಮವ್ವೆ, ಅಷ್ಟೇ ಇತ್ತು.

“ಅಯ್ಯ! ಇಷ್ಟ ದಿನ ಚಹಾ ಇಟ್ಟಿದ್ದು ಮಣ್ಣ ಹೊತ್ತವರಿಗೇನ?” ಎಂದು ಕಸ್ತೂರಕ್ಕ ನಕ್ಕಳು. “ಇರ್ಲಿ ಬಿಡ್ರಿ, ನಾಳಿನೂ ಇಡ್ತೀನಿ.”

ಮಾವನಿಗೆ ಸರ್ಟಿಫಿಕೇಟು ಕೊಟ್ಟೆ. ಧೋತರಕ್ಕೆ ಕೈ ಒರೆಸಿಕೊಂಡು ಇಸಿದುಕೊಂಡ.

“ನಿಮ್ಮ ಮುತ್ತ್ಯಾ, ನಮ್ಮಪ್ಪ, ಸುತ್ತ ಹಳ್ಳ್ಯಾಗೆಲ್ಲ ಬಾವಿ ತೋಡ್ಯಾನ ಬೇ,” ಎಂದ. “ಅವನ ಹೆಸರೂ ಎಲ್ಲ್ಯರ ಬರಿ.”