ಚಕಮಕಿ ಮತ್ತು ನನ್ನ ಹಟ

ಹಾಡುಹಗಲಲ್ಲಿ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ದೀಪ ಆರಿಸಿ, ಎರಡು ಕಲ್ಲುಗಳನ್ನು ಒಂದಕ್ಕೊಂದು ಕುಟ್ಟುತ್ತಾ ಕೂತಿರುವ ಅರವತ್ತಮೂರು ವರ್ಷದ ಮನುಷ್ಯನನ್ನು ಕಂಡರೆ ನೀವು ಏನಂದುಕೊಳ್ಳುತ್ತೀರಿ ಎಂದು ನನಗೆ ಗೊತ್ತು. ಅದಕ್ಕೇ ಬಾಗಿಲು ಹಾಕಿಕೊಂಡಿದ್ದೆ. ಒಬ್ಬನೇ ಇರುವ ಮನೆಯಲ್ಲಿ ಯಾರಿಗೆ ಹೆದರಿ ಬಾಗಿಲು ಹಾಕಿದೆ ಎಂದು ಆಮೇಲೆ ಹೊಳೆಯಿತು. ಹೆಂಡತಿ ಹೋಗಿ ಐದು ವರ್ಷ. ಮಕ್ಕಳಿಲ್ಲ. ಹೊಳಲ್ಕೆರೆಯ ಈ ಮನೆಯಲ್ಲಿ ನನ್ನನ್ನು ನೋಡಿ ನಗುವವರು ಯಾರೂ ಇಲ್ಲ, ನಿಜ ಹೇಳಬೇಕೆಂದರೆ ಅದೇ ನನ್ನ ಕಷ್ಟ.

ಕಲ್ಲು ಕುಟ್ಟುವುದಕ್ಕೆ ಕಾರಣವಿದೆ. ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿದ್ದವನು. ಪ್ರತಿವರ್ಷ ಮಳೆಗಾಲದ ಜೊತೆಗೆ ನನ್ನ ತರಗತಿಗೆ ಆದಿಮಾನವ ಬರುತ್ತಿದ್ದ. ಎರಡು ಬೆಣಚು ಕಲ್ಲು ಉಜ್ಜಿದ, ಕಿಡಿ ಹಾರಿತು, ಒಣಹುಲ್ಲಿಗೆ ಬೆಂಕಿ ಹತ್ತಿತು ಎಂದು ಹೇಳಿ, ಚಾಕ್‌ಪೀಸನ್ನು ಎರಡು ತುಂಡು ಮಾಡಿ ಉಜ್ಜಿ ತೋರಿಸುತ್ತಿದ್ದೆ. ಬರೀ ಪುಡಿ ಉದುರುತ್ತಿತ್ತು. ಮಕ್ಕಳು ಪಾಪ, ನಂಬುತ್ತಿದ್ದವು. ಚಂದ್ರವಳ್ಳಿಗೆ ಪ್ರವಾಸ ಕರೆದುಕೊಂಡು ಹೋದಾಗ ದಾರಿಯಲ್ಲಿ ಸಿಕ್ಕ ಬಿಳಿ ಕಲ್ಲನ್ನೆಲ್ಲ ಎತ್ತಿ, 'ಇದೇ ನೋಡ್ರೋ ಚಕಮಕಿ' ಎಂದು ಅದೇ ಕಥೆ ಹೇಳುತ್ತಿದ್ದೆ.

ನಾನು ನಿವೃತ್ತನಾದ ದಿನ ವಿಜ್ಞಾನದ ಮೇಷ್ಟ್ರು ತಿಪ್ಪೇಸ್ವಾಮಿ ಮೈಕು ಹಿಡಿದ. ತಿಪ್ಪೇಸ್ವಾಮಿ ಎಂದರೆ ನನ್ನ ಇಪ್ಪತ್ತು ವರ್ಷದ ಗೆಳೆಯ, ಎರಡು ಬೀದಿ ಆಚೆ ಮನೆ. ನನ್ನ ಹೆಂಡತಿ ಹೋದಮೇಲೆ ದಿನಾ ಸಂಜೆ ಬಂದು ನನ್ನ ಕೈಯ ಕೆಟ್ಟ ಚಹಾ ಕುಡಿದು ಹೋಗುತ್ತಿದ್ದವನು. ಅವನು ಅಂದದ್ದು ಇಷ್ಟೇ: "ನಮ್ ಮೇಷ್ಟ್ರು ಮೂವತ್ತು ವರ್ಸ ಮಕ್ಳಿಗೆ ಸುಳ್ಳು ಹೇಳ್ಯಾರೆ ಕಣ್ರಪ್ಪ! ಕಲ್ಲಿಗೆ ಕಲ್ಲು ಕುಟ್ಟಿದ್ರೆ ಬೆಂಕಿ ಬರಲ್ಲ, ಕಬ್ಬಿಣ ಬೇಕು." ಸಭೆ ಗೊಳ್ಳೆಂದು ನಕ್ಕಿತು. ತಲೆಯ ಮೇಲೆ ಮೈಸೂರು ಪೇಟ ಇದ್ದಾಗ ಮನುಷ್ಯನಿಗೆ ತಮಾಷೆ ತಡೆದುಕೊಳ್ಳುವ ಶಕ್ತಿ ಕಡಿಮೆಯಾಗುತ್ತದೆ. ಆದಿಮಾನವನಿಗೆ ಕಬ್ಬಿಣ ಎಲ್ಲಿತ್ತು, ನಿಮ್ಮಪ್ಪ ಕೊಟ್ಟಿದ್ದನೇ ಎಂದು ನಾನು ಕೇಳಿದ್ದು ಮೈಕಿನಲ್ಲೂ ಕೇಳಿಸಿತು. ಕಬ್ಬಿಣದ ಅಂಶವಿರುವ ಬೇರೆ ಜಾತಿಯ ಕಲ್ಲು ಆದಿಮಾನವನಿಗೆ ಸಿಗುತ್ತಿತ್ತು ಎಂದು ಅವನು ವಿವರಿಸುತ್ತಿದ್ದಾಗ ನಾನು ಹಾರ ತೆಗೆದಿಟ್ಟು ಮನೆಗೆ ಬಂದಿದ್ದೆ. ಮರುದಿನ ಸಂಜೆ ಬಂದು ಬಾಗಿಲು ತಟ್ಟಿದ. ತೆಗೆಯಲಿಲ್ಲ. ಅದರ ಮರುದಿನವೂ ತಟ್ಟಿದ. ಮೂರನೆಯ ದಿನ ಬರಲಿಲ್ಲ. ಅವತ್ತು ನಾನು ಎರಡು ಲೋಟ ಚಹಾ ಇಟ್ಟುಕೊಂಡು ಕಾದಿದ್ದೆ.

ಹೀಗೆ ಮೂರು ವರ್ಷ ಹೋಯಿತು. ಅವನ ಬೀದಿ ತಪ್ಪಿಸಿ ತರಕಾರಿಗೆ ಹೋಗುವುದರಿಂದ ನನ್ನ ಕಾಲಿಗೆ ವ್ಯಾಯಾಮವಾಯಿತು ಎಂಬುದೊಂದೇ ಲಾಭ. ಉಳಿದ ಹೊತ್ತಿನಲ್ಲಿ ಚಕಮಕಿಯ ಬಗ್ಗೆ ಓದಿದೆ. ಹೆಸರು ತುರ್ಕರ ಕಡೆಯದಂತೆ, ಉರ್ದುವಿನಲ್ಲಿ ಹಾಯ್ದು ನಮ್ಮಲ್ಲಿಗೆ ಬಂತಂತೆ. ಹಳೆಯ ಬಂದೂಕಿನಲ್ಲಿ ಮದ್ದಿಗೆ ಕಿಡಿ ಹಾರಿಸಲು ಕುದುರೆಯ ಬಾಯಿಗೆ ಈ ಕಲ್ಲನ್ನೇ ಕಚ್ಚಿಸುತ್ತಿದ್ದರಂತೆ. ಬೀಡಿ ಅಂಗಡಿಯ ಲೈಟರಿಗೆ ಹಾಕುವ ಚೂರನ್ನೂ ನಾವು ಕಲ್ಲು ಎನ್ನುತ್ತೇವೆ. ಪತ್ರಿಕೆಯವರಂತೂ ದಿನಾ ಯಾವುದೋ ಸಭೆಯಲ್ಲಿ ಮಾತಿನ ಚಕಮಕಿ ಎಂದು ಬರೆಯುತ್ತಾರೆ. ಅದನ್ನು ಓದಿ ನನಗೆ ಹೊಟ್ಟೆಕಿಚ್ಚಾಗುತ್ತದೆ. ಚಕಮಕಿಗೆ ಎದುರಿಗೊಬ್ಬರು ಬೇಕಲ್ಲ! ಹೆಂಡತಿ ಇದ್ದಾಗ ಉಪ್ಪಿಟ್ಟಿಗೆ ಉಪ್ಪು ಹೆಚ್ಚಾದದ್ದಕ್ಕೂ ನಮಗೆ ಆಗುತ್ತಿತ್ತು. ಈಗ ಉಪ್ಪಿಟ್ಟು ಹೇಗಿದ್ದರೂ ಸುಮ್ಮನೆ ತಿನ್ನುತ್ತೇನೆ.

ಓದಿ ಸಾಲದೆ ಕುಟ್ಟತೊಡಗಿದೆ. ಕತ್ತಲಲ್ಲಿ ಬೆಣಚು ಉಜ್ಜಿದರೆ ಕಲ್ಲಿನೊಳಗೆ ಮಿಣುಕು ಬೆಳಕು ಕಾಣುತ್ತದೆ, ಸುಟ್ಟ ವಾಸನೆಯೂ ಬರುತ್ತದೆ. ಗೆದ್ದೆ ಎಂದುಕೊಂಡು ಹತ್ತಿ ಇಟ್ಟೆ, ಹುಲ್ಲು ಇಟ್ಟೆ, ಹಳೆಯ ಪ್ರಶ್ನೆಪತ್ರಿಕೆ ಇಟ್ಟೆ. ಬೆಳಕು ಬಂತೇ ಹೊರತು ಬೆಂಕಿ ಬರಲಿಲ್ಲ.

ಹೋದ ತಿಂಗಳು ಹಳೆಯ ವಿದ್ಯಾರ್ಥಿಯೊಬ್ಬನ ಗೃಹಪ್ರವೇಶಕ್ಕೆ ಮತ್ತೋಡಿನ ಕಡೆ ಹೋಗಿದ್ದೆ. ವಾಪಸು ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ಪಕ್ಕದ ಬೀಳಿನಲ್ಲಿ ಕುರಿ ಮೇಯಿಸುತ್ತಿದ್ದ ಅಜ್ಜನೊಬ್ಬ ಸಂಚಿ ಬಿಚ್ಚಿ ಬಿಳಿ ಕಲ್ಲು ತೆಗೆದ. ನನ್ನ ಎದೆ ಹೊಡೆದುಕೊಂಡಿತು. ಆಮೇಲೆ ಕಬ್ಬಿಣದ ಅರದ ಮುರಿದ ತುಂಡು ತೆಗೆದ. ಎದೆ ಕುಸಿಯಿತು. ಕಲ್ಲಿನ ಅಂಚಿಗೆ ಕಪ್ಪನೆಯ ಅರಳೆಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದು ಅರದಿಂದ ಎರಡೇ ಏಟು ಹಾಕಿದ. ಅರಳೆಯ ಮೂಲೆ ಕೆಂಪಾಯಿತು. ಅದನ್ನು ಗಾಳಿಗೆ ಹಿಡಿದ, ಇನ್ನೂ ಕೆಂಪಾಯಿತು. ಬೀಡಿ ಹಚ್ಚಿದ.

"ಲೈಟರ್ ಇಲ್ವೇನಜ್ಜ?" ಎಂದೆ.

"ಐತೆ. ಈ ಗುಡ್ಡದ ಗಾಳಿಗೆ ಅದು ಆರೋಗ್ತೈತೆ. ಇದು ಗಾಳಿ ಬಂದಷ್ಟೂ ಹತ್ತುತೈತೆ. ಕುಂತ್ಕಳ್ರಿ, ನಿಮ್ ಬಸ್ಸು ಇನ್ನೂ ತಡ."

"ಕಲ್ಲಿಗೆ ಕಲ್ಲೇ ಕುಟ್ಟಿದ್ರೆ?"

"ಕೈ ನೋಯ್ತೈತೆ."

ಮೂರು ವರ್ಷದ ನನ್ನ ಸಂಶೋಧನೆ ಅಲ್ಲಿಗೆ ಮುಗಿಯಿತು. ಅರಳೆ ಯಾಕೆ ಕಪ್ಪು ಎಂದು ಕೇಳಿದ್ದಕ್ಕೆ ಅಜ್ಜ, "ಹೊಸ ಅರಳೆಗೆ ಕಿಡಿ ನಿಲ್ಲಂಗಿಲ್ಲ ಸ್ವಾಮಿ. ಒಂದ್ಸಲ ಸುಟ್ಟಿರಬೇಕು. ಬೂದಿ ಆಗಾಕೆ ಬಿಡದಂಗೆ, ಅರ್ಧಕ್ಕೆ ಮುಚ್ಚಿ ಆರಿಸಿರಬೇಕು" ಎಂದ. ಬಸ್ಸಿನಲ್ಲಿ ಕಿಟಕಿಯಾಚೆ ಗಾಳಿಯಂತ್ರಗಳು ತಿರುಗುತ್ತಿದ್ದವು. ನನಗೆ ಅಳು ಬಂತು. ಯಾರೂ ನೋಡಲಿಲ್ಲ.

ಮರುದಿನ ಸಂಜೆ ತಿಪ್ಪೇಸ್ವಾಮಿಯ ಬಾಗಿಲು ತಟ್ಟಿದೆ. ದಾರಿಯುದ್ದಕ್ಕೂ ದೊಡ್ಡ ಭಾಷಣ ಸಿದ್ಧಮಾಡಿಕೊಂಡಿದ್ದೆ. ಅವನು ಬಾಗಿಲು ತೆಗೆದಾಗ, ಬಸ್ಸು ಹತ್ತುವಾಗ ಅಜ್ಜ ಕೊಟ್ಟಿದ್ದ ಕಲ್ಲು, ಅರದ ತುಂಡು ಮುಂದೆ ಹಿಡಿದು, "ಕಬ್ಬಿಣ ಬೇಕಂತೆ" ಎಂದೆ. ಅಷ್ಟೇ ಬಂತು.

ಅವನು ಕಲ್ಲನ್ನು ಇಸಿದುಕೊಂಡು ತಿರುಗಿಸಿ ನೋಡಿದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. "ಇಷ್ಟು ಹೇಳಾಕೆ ಮೂರು ವರ್ಸ ಬೇಕಾಯ್ತೇನಲೇ? ಬಾ ಒಳಗೆ." ಆಮೇಲೆ ತಾನೇ ದನಿ ತಗ್ಗಿಸಿ, "ನಾನೂ ಪುಸ್ತಕದಾಗೆ ಓದಿದ್ದು ಕಣೋ. ಒಂದ್ಸಲಾನೂ ಮಾಡಿ ನೋಡಿಲ್ಲ" ಎಂದ.

ಹಿತ್ತಲಲ್ಲಿ ಕೂತೆವು. ಅವನು ದೇವರ ಮನೆಯಿಂದ ಹೂಬತ್ತಿಯ ಹತ್ತಿ ತಂದ. ನಾನು ಕುಟ್ಟಿದೆ, ಅವನು ಊದಿದ. ಅವನು ಕುಟ್ಟಿದ, ನಾನು ಊದಿದೆ. ಕಿಡಿ ಚೆನ್ನಾಗಿಯೇ ಹಾರಿತು. ನಿನಗೆ ಕುಟ್ಟಲು ಬರುವುದಿಲ್ಲ ಎಂದು ಅವನು, ನಿನಗೆ ಊದಲು ಬರುವುದಿಲ್ಲ ಎಂದು ನಾನು ಜಗಳವಾಡಿದೆವು. ಹತ್ತಿ ಹತ್ತಲಿಲ್ಲ. "ನಾಳೆ ಬೇರೆ ಹತ್ತಿ ತರ್ಸಿರ್ತೀನಿ, ಬಾ, ನೋಡಾಣ" ಎಂದ.

ಈಗ ನಿಮ್ಮೊಬ್ಬರಿಗೆ ಹೇಳುತ್ತೇನೆ. ಅಜ್ಜ ಕಲ್ಲಿನ ಜೊತೆಗೆ ಒಂದು ಚಿಕ್ಕ ಡಬ್ಬಿ ತುಂಬ ಸುಟ್ಟ ಅರಳೆಯನ್ನೂ ಕೊಟ್ಟಿದ್ದ. ಅದು ಅವತ್ತು ನನ್ನ ಜೇಬಿನಲ್ಲೇ ಇತ್ತು. ತೆಗೆದಿದ್ದರೆ ಎರಡೇ ಏಟಿಗೆ ಬೆಂಕಿ ಹತ್ತುತ್ತಿತ್ತು, ಹತ್ತಿದ ಮೇಲೆ ನಾನು ಎದ್ದು ಮನೆಗೆ ಹೋಗಬೇಕಾಗುತ್ತಿತ್ತು.

ಇವತ್ತಿಗೆ ಹನ್ನೊಂದು ಸಂಜೆಗಳಾದವು. ಬೆಂಕಿ ಇನ್ನೂ ಹತ್ತಿಲ್ಲ. ಅಷ್ಟು ವರ್ಷ ವಿಜ್ಞಾನ ಹೇಳಿಕೊಟ್ಟವನಿಗೆ ಅರಳೆಯನ್ನು ಮೊದಲು ಸುಡಬೇಕು ಎಂಬುದು ಗೊತ್ತಿರುವುದಿಲ್ಲವೇ ಎಂದು ಒಮ್ಮೊಮ್ಮೆ ಅನುಮಾನ ಬರುತ್ತದೆ. ನಾನು ಕೇಳಿಲ್ಲ.